ಗಮನಿಸಲಾಗಿದೆ

ಆ ಹಾಡು ಯಾರ ಬಾಯಲ್ಲಾದರೂ ಬಂದರೆ ಗುಬ್ಬಿ ಇವತ್ತಿಗೂ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಾಳೆ. ತರಕಾರಿ ಅಂಗಡಿಯಲ್ಲಿ ಪಕ್ಕದವರು ಗುನುಗಿದರೆ ಆರಿಸಿಟ್ಟ ಟೊಮೆಟೊವನ್ನು ಅಲ್ಲೇ ಬಿಟ್ಟು ಹೊರಡುತ್ತಾಳೆ. ಅದನ್ನು ಬರೆದವಳು ಅವಳೇ, ರಾಗ ಕೂರಿಸಿದವಳು ಅವಳೇ, ಹಾಡಿ ಹೆಸರು ಮಾಡಿಕೊಂಡವಳೂ ಅವಳೇ. ಆದರೂ ಅದು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಕುಗ್ಗಿ ಹಿಡಿಯಷ್ಟಾಗುತ್ತದೆ.

ಗುಬ್ಬಿ ಅಂತ ಹೆಸರಿಟ್ಟವಳು ಅಕ್ಕ. ಎಂಟು ವರ್ಷ ದೊಡ್ಡವಳು. ತೊಟ್ಟಿಲೊಳಗೆ ಇಣುಕಿ ನೋಡಿ, "ಇದೇನು, ಗುಬ್ಬಿ ಥರ ಬಾಯಿ ಮಾತ್ರ ಇದೆ" ಅಂದಳಂತೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸದವಳು. ಇಬ್ಬರೂ ಒಟ್ಟಿಗೆ ಮನೆಯಲ್ಲಿ ಇದ್ದದ್ದೇ ಕಮ್ಮಿ. ಹಾಗಾಗಿ ಗುಬ್ಬಿಗೆ ಜಡೆ ಹಾಕಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವಳು ಎಲ್ಲ ಅಕ್ಕನೇ. ಮುಂದೆ ಅಕ್ಕ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಕಡೆ ಗುಂಡಿಗೆ ಕಾಜಾ ಹಾಕುವ ಕೆಲಸಕ್ಕೆ ಸೇರಿದಳು. ಅಲ್ಲಿನ ಒಡತಿಯ ಮಗ ಬೇಡವೆಂದು ಮೂಲೆಗೆ ಹಾಕಿದ್ದ, ಎರಡು ತಂತಿ ಹೋಗಿದ್ದ ಗಿಟಾರನ್ನು ಕೇಳಿ ಪಡೆದು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಳು.

"ತಗೋ. ಹೇಗೂ ಕಿರುಚ್ತಿರ್ತೀಯಲ್ಲ, ಇನ್ನು ಮೇಲೆ ಶ್ರುತಿಗೆ ಸರಿಯಾಗಿ ಕಿರುಚು" ಅಂದಳು.

ಇಪ್ಪತ್ತೆರಡಕ್ಕೆ ಗುಬ್ಬಿ ಗೃಹೋಪಯೋಗಿ ಯಂತ್ರಗಳ ದುರಸ್ತಿ ಕೇಂದ್ರವೊಂದರಲ್ಲಿ ಫೋನ್ ಎತ್ತುವ ಕೆಲಸ ಹಿಡಿದಳು. ಬೆಳಗಿಂದ ಸಂಜೆಯ ತನಕ ಊರಿನವರ ದೂರು ಕೇಳಬೇಕು, ಫಾರಂ ಮೇಲೆ ಬರೆದುಕೊಳ್ಳಬೇಕು. ಬೇರೆಯವರಿಗೆ ಅದು ತಲೆನೋವು. ಗುಬ್ಬಿಗೆ ಹಬ್ಬ. "ನಮ್ಮ ಮಿಷನ್ನು ತಿರುಗುತ್ತೆ ಕಣಮ್ಮಾ, ಆದ್ರೆ ಮನಸ್ಸಿಲ್ಲದೆ ತಿರುಗುತ್ತೆ" ಅಂತ ಒಬ್ಬ ಮುದುಕಿ ಹೇಳಿದ್ದನ್ನು ಫಾರಮ್ಮಿನ ಹಿಂಬದಿಗೆ ಬರೆದಿಟ್ಟುಕೊಂಡಳು. ವಾರದೊಳಗೆ ಅದು ಹಾಡಾಯಿತು. ಅವಳ ಹಾಡುಗಳೆಲ್ಲ ಹೀಗೇ. ಯಾರದೋ ಬಾಯಿಂದ ಜಾರಿದ ಒಂದು ಮಾತು, ಅದರ ಸುತ್ತ ಮೂರು ಚರಣ. ಸಿನಿಮಾಕ್ಕೂ ಸೇರದ, ಶಾಸ್ತ್ರೀಯಕ್ಕೂ ಸೇರದ, ಎಲ್ಲರ ಮನೆಯ ಮಾತಿನಂಥ ಪಾಪ್ ಹಾಡುಗಳು.

ಬ್ಯಾಂಡ್ ಕಟ್ಟಿದ್ದು ಮೂವರು. ಗಿಟಾರಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅವನದೇ ಕನ್ನಡಕ ಬೆರಳು ದಪ್ಪ ಇದ್ದುದರಿಂದ ಅವನಿಗೆ ಸೋಡಾಬುಡ್ಡಿ ಅಂತಲೇ ಹೆಸರು. ಡ್ರಮ್ಮಿಗೆ ಶಾಲೆಯೊಂದರ ಡ್ರಿಲ್ ಮೇಷ್ಟ್ರು. ತಾಳ ತಪ್ಪಿದರೆ ಕೊರಳಲ್ಲಿದ್ದ ಸೀಟಿಗೆ ಕೈ ಹೋಗುತ್ತಿತ್ತು. ಅಭ್ಯಾಸ ನಡೆಯುತ್ತಿದ್ದದ್ದು ಮುದ್ರಣಾಲಯವೊಂದರ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಗ್ಗೆ, ಕೆಳಗಿನ ಯಂತ್ರಗಳಿಗೆ ರಜೆ ಇದ್ದಾಗ. ಮೆಟ್ಟಿಲು ಹತ್ತಿ ಹತ್ತಿ ಸುಸ್ತಾದ ಮೇಷ್ಟ್ರೇ ಬ್ಯಾಂಡಿಗೆ 'ಮೂರನೇ ಮಹಡಿ' ಅಂತ ಹೆಸರಿಟ್ಟರು. ಆರು ವರ್ಷ ಕಾಲೇಜು ಸಭಾಂಗಣ, ಕಾಫಿ ಅಂಗಡಿಯ ಮೂಲೆ, ಯಾರದೋ ಮದುವೆಯ ಸಂಜೆ, ಹೀಗೆ ಕರೆದಲ್ಲಿಗೆ ಹೋಗಿ ಹಾಡಿದರು. ಕೇಳಿದವರು ಚಪ್ಪಾಳೆ ಹೊಡೆದು ಮನೆಗೆ ಹೋಗುವ ಹೊತ್ತಿಗೆ ಮರೆತುಬಿಡುತ್ತಿದ್ದರು.

ಹೊಸ ಹಾಡಾದ ಕೂಡಲೇ ಮೊದಲು ಕೇಳುತ್ತಿದ್ದವಳು ಅಕ್ಕ. ಫೋನಿನಲ್ಲೇ. ಆ ಹೊತ್ತಿಗೆ ಅವಳಿಗೆ ಮದುವೆಯಾಗಿ ಹತ್ತು ವರ್ಷ. ಭಾವ ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ಗುಮಾಸ್ತ, ಮಿತಭಾಷಿ, ಬಟ್ಟೆಯ ಮಡಿಕೆ ಮುರಿಯದ ಮನುಷ್ಯ. ಅಕ್ಕ ಹಾಡು ಕೇಳಿ, "ಎರಡನೇ ಚರಣ ಸಪ್ಪೆ ಆಯ್ತು ಕಣೇ" ಅಂತಲೋ, "ಇದು ಪರವಾಗಿಲ್ಲ, ಭಾವನೂ ಕಿವಿ ಕೊಟ್ರು" ಅಂತಲೋ ಹೇಳುತ್ತಿದ್ದಳು. ಅಕ್ಕ ಸಪ್ಪೆ ಅಂದ ಚರಣ ನಿಜಕ್ಕೂ ಸಪ್ಪೆಯೇ ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕನ ಫೋನು ದುರಸ್ತಿ ಕೇಂದ್ರಕ್ಕೇ ಬಂತು. ಹಾಗೆ ಕೆಲಸದ ಹೊತ್ತಲ್ಲಿ ಅವಳು ಎಂದೂ ಮಾಡಿದವಳಲ್ಲ.

"ಏನಕ್ಕಾ, ಫ್ರಿಜ್ಜು ಕೆಟ್ಟಿದೆಯಾ?" ಅಂತ ಗುಬ್ಬಿ ತಮಾಷೆ ಮಾಡಿದಳು.

"ಫ್ರಿಜ್ಜು ಚೆನ್ನಾಗಿದೆ. ಅದೇ ನಮ್ಮನೇಲಿ ಮಾತಾಡೋದು ಈಗ" ಅಂದಳು ಅಕ್ಕ, ನಕ್ಕಳು. ನಗುತ್ತಲೇ ಹೇಳಿದಳು. ಒಂದು ದಿನ ಊಟಕ್ಕೆ ಕೂತಾಗ ಏನೋ ಸಣ್ಣ ಮಾತು ಬಂತು, ಭಾವ ಎದ್ದು ಹೋದರು. ಆವತ್ತಿನಿಂದ ಬಾಯಿ ಬಿಟ್ಟಿಲ್ಲ. ಹನ್ನೊಂದು ತಿಂಗಳಾಯಿತು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಅದೂ ಆಫೀಸಿನ ಭಾಷೆಯಲ್ಲಿ. 'ಹಾಲು ಮುಗಿದಿದೆ, ಗಮನಿಸಿ.' 'ನಲ್ಲಿ ಸೋರುತ್ತಿದೆ, ಗಮನಿಸಿ.'

"ಮತ್ತೆ ನೀನೇನು ಮಾಡ್ತೀಯ?"

"ನಾನೂ ಕೆಳಗೆ ಬರೀತೀನಿ. ಗಮನಿಸಲಾಗಿದೆ ಅಂತ."

ಗುಬ್ಬಿಗೆ ತಡೆಯಲಾಗದೆ ನಗು ಬಂತು. "ನಗಬೇಡ ಕಣೇ" ಅಂತ ಅಕ್ಕನೂ ನಕ್ಕಳು, ನಗುತ್ತ ನಗುತ್ತ ಅವಳ ದನಿ ಒಡೆಯಿತು. "ಮೊನ್ನೆ ನಂಗೆ ಜ್ವರ ಬಂದಿತ್ತು ಗುಬ್ಬಿ. ಅದನ್ನೂ ಚೀಟಿ ಬರೆದು ಅಂಟಿಸಿದೆ. ಸಂಜೆ ನೋಡಿದ್ರೆ ಪಕ್ಕದಲ್ಲಿ ಮಾತ್ರೆ ಇಟ್ಟಿದ್ರು. ಮುಟ್ಟಿ ನೋಡ್ಲಿಲ್ಲ ಕಣೇ. ಹಣೆ ಮುಟ್ಟಿ ನೋಡ್ಲಿಲ್ಲ." ಆಮೇಲೆ ಬರೀ ಅಳು.

ಗುಬ್ಬಿ ಹ್ಞೂಂ, ಹ್ಞೂಂ ಅನ್ನುತ್ತಿದ್ದಳು. ಎಡಗೈಯಲ್ಲಿ ಫೋನು. ಬಲಗೈಯಲ್ಲಿ ಪೆನ್ನು. ಆ ಕೈ ಫಾರಮ್ಮಿನ ಹಿಂದೆ ಬರೆಯುತ್ತಿತ್ತು: ಹಾಲು ಮುಗಿದಿದೆ, ಗಮನಿಸಿ. ಗಮನಿಸಲಾಗಿದೆ. ಅಕ್ಕ ಅಳುತ್ತಿರುವಾಗಲೇ ಎರಡು ಸಾಲಿಗೆ ಪ್ರಾಸವೂ ಕೂತಿತು. ಈ ಒಂದು ಸಂಗತಿಯನ್ನು ಅವಳು ವರ್ಷಗಟ್ಟಲೆ ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಹಾಡು ಮೂರು ದಿನದಲ್ಲಿ ಸಿದ್ಧವಾಯಿತು. ಗಂಡನ ಚೀಟಿಗಳನ್ನು ಗುಬ್ಬಿ ಮೂಗಿನಲ್ಲಿ, ಆಫೀಸಿನ ದೊಡ್ಡ ಸಾಹೇಬರ ಗತ್ತಿನಲ್ಲಿ ಹಾಡುತ್ತಿದ್ದಳು. ಪ್ರತಿ ಸಾಲಿಗೂ ಮೇಷ್ಟ್ರು ಡ್ರಮ್ಮಿನ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ ಒಂದು ಪೆಟ್ಟು ಕೊಡುತ್ತಿದ್ದರು. ಆಗ ಎಲ್ಲರೂ ಸೇರಿ "ಗಮನಿಸಲಾಗಿದೆ!" ಅನ್ನಬೇಕು. ಜ್ವರದ ಚೀಟಿಯನ್ನೂ ಅವಳು ಬಿಡಲಿಲ್ಲ. ಮೂರನೇ ಚರಣದಲ್ಲಿ ಹೆಂಡತಿ 'ಸೀನುತ್ತಿದ್ದೇನೆ, ಗಮನಿಸಿ' ಅಂತ ಬರೆಯುತ್ತಾಳೆ. ಸೋಡಾಬುಡ್ಡಿ ಗಿಟಾರ್ ನಿಲ್ಲಿಸಿ ಮೈಕಿನೊಳಕ್ಕೆ ಸೀನುತ್ತಾನೆ. ಜನ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

ಈ ಒಂದು ಹಾಡನ್ನು ಮಾತ್ರ ಅವಳು ಅಕ್ಕನಿಗೆ ಫೋನಿನಲ್ಲಿ ಹಾಡಿ ಕೇಳಿಸಲಿಲ್ಲ. 'ಅಕ್ಕನಿಗೆ ಈಗ ಮನಸ್ಸು ಸರಿಯಿಲ್ಲ, ಆಮೇಲೆ ನೋಡೋಣ' ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎರಡು ತಿಂಗಳೊಳಗೆ ಹಾಡು ರೆಕ್ಕೆ ಕಟ್ಟಿಕೊಂಡು ಹಾರಿತು. ಆಟೋದಲ್ಲಿ, ಕಾಲೇಜು ಕ್ಯಾಂಟೀನಿನಲ್ಲಿ, ಫೋನಿನ ರಿಂಗಾಗಿ ಅದೇ ಹಾಡು. ಗಂಡ ಹೆಂಡತಿ ಎದುರುಬದುರು ನಿಂತು ಹಾಡುವ ವಿಡಿಯೊಗಳು ಬಂದವು. ದುರಸ್ತಿ ಕೇಂದ್ರಕ್ಕೆ ಫೋನ್ ಮಾಡಿದವರೂ "ಮಿಕ್ಸಿ ಕೆಟ್ಟಿದೆ, ಗಮನಿಸಿ" ಅನ್ನತೊಡಗಿದರು. ರೇಡಿಯೋದವರು ಕರೆದರು. ಬ್ಯಾಂಡಿನ ಮೂವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದರು, ರೇಡಿಯೋದಲ್ಲಿ ಬಟ್ಟೆ ಕಾಣಿಸುವುದಿಲ್ಲ ಅಂತ ಗೊತ್ತಿದ್ದೂ. ನಿರೂಪಕಿ ಚುರುಕು ಹುಡುಗಿ. ಮಾತಿನ ಮಧ್ಯೆ, "ಹೇಳಿ, ಇಂಥ ಐಡಿಯಾ ಎಲ್ಲಿ ಸಿಗುತ್ತೆ ನಿಮಗೆ?" ಅಂದಳು.

ಗುಬ್ಬಿಯ ಎದುರಿಗೆ ಕೆಂಪು ದೀಪ ಉರಿಯುತ್ತಿತ್ತು, ಊರೆಲ್ಲ ಕೇಳುತ್ತಿತ್ತು, ನಗಿಸಬೇಕು ಅನ್ನುವ ಆಸೆ ಗಂಟಲಿಗೆ ಬಂದಿತ್ತು.

"ಎಲ್ಲೂ ಹುಡುಕಬೇಕಾಗಿಲ್ಲ ರೀ. ನಮ್ಮಕ್ಕನ ಮನೆ ಫ್ರಿಜ್ಜಿನ ಮೇಲೇ ಇತ್ತು" ಅಂದಳು.

ನಿರೂಪಕಿ ಬಿದ್ದು ಬಿದ್ದು ನಕ್ಕಳು. ಗುಬ್ಬಿಯೂ ನಕ್ಕಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಮೇಷ್ಟ್ರು, "ಅದು ನಿಜವಾ?" ಅಂತ ಕೇಳಿದರು. "ಸುಮ್ನೆ ಹೇಳ್ದೆ" ಅಂದಳು. ಕೆಳಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದಳು.

ಅಕ್ಕ ಕೆಲಸ ಮಾಡುವ ಹೊಲಿಗೆ ಮನೆಯಲ್ಲಿ ಹನ್ನೆರಡು ಮಿಷನ್ನು, ಗೋಡೆಯ ಮೇಲೊಂದು ರೇಡಿಯೋ. ಬೆಳಗಿಂದ ಸಂಜೆಯ ತನಕ ಅದು ಹಾಡುತ್ತಲೇ ಇರುತ್ತದೆ. ಕೆಲವು ವಾರಗಳಿಂದ ಅಲ್ಲಿನ ಹೆಂಗಸರೆಲ್ಲ ಆ ಹಾಡನ್ನು ಗುನುಗುತ್ತಿದ್ದರು. ಅದು ತನ್ನ ತಂಗಿಯ ಬ್ಯಾಂಡಿನದು ಅಂತ ಅಕ್ಕ ಹೇಳಿರಲಿಲ್ಲ. ಆವತ್ತು ಬೆಳಗ್ಗೆ ಮಾತ್ರ, ರೇಡಿಯೋದಲ್ಲಿ ತಂಗಿ ಬರುತ್ತಾಳೆ ಅಂತ ಎಲ್ಲರಿಗೂ ಹೇಳಿ, ಅವಳೇ ಹೋಗಿ ಸದ್ದು ಜೋರು ಮಾಡಿದ್ದಳಂತೆ. ಇದೆಲ್ಲ ಗುಬ್ಬಿಗೆ ಗೊತ್ತಾದದ್ದು ಬಹಳ ತಡವಾಗಿ.

ಅಕ್ಕ ಫೋನ್ ಎತ್ತಲಿಲ್ಲ. ನಾಲ್ಕು ದಿನ ನೋಡಿ, ಭಾನುವಾರ ಅಭ್ಯಾಸಕ್ಕೆ ಚಕ್ಕರ್ ಹೊಡೆದು ಗುಬ್ಬಿ ಅವಳ ಮನೆಗೇ ಹೋದಳು. ಅಕ್ಕ ಬಾಗಿಲು ತೆಗೆದಳು. ಬಾ ಅಂದಳು, ಕೂರು ಅಂದಳು, ಚಹಾ ಮಾಡಿದಳು. ಗಂಟಲು ಹೇಗಿದೆ, ಬಸ್ಸು ಬೇಗ ಸಿಕ್ತಾ ಅಂತ ವಿಚಾರಿಸಿದಳು. ಗುಬ್ಬಿಯ ಕಣ್ಣು ಬೇಡ ಬೇಡವೆಂದರೂ ಫ್ರಿಜ್ಜಿನ ಕಡೆಗೇ ಹೋಯಿತು. ಬಾಗಿಲ ಮೇಲೆ ಒಂದು ಚೀಟಿಯೂ ಇರಲಿಲ್ಲ. ಟೇಪು ಕಿತ್ತ ಕಡೆ ಕಪ್ಪಗೆ ಅಂಟು ಉಳಿದಿತ್ತು, ಯಾರೋ ಅದನ್ನು ಉಗುರಿನಿಂದ ಕೆರೆದಿದ್ದರು.

"ಹಾಡು ಕೇಳಿದೆ. ಚೆನ್ನಾಗಿದೆ" ಅಂದಳು ಅಕ್ಕ.

ಗುಬ್ಬಿ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲಿಗೆ ಭಾವ ಬಂದು ನಿಂತರು. ಮುಖದಲ್ಲಿ ಕಳೆಯಿಲ್ಲ. ಬಂದೆಯಾ ಅನ್ನುವ ಹಾಗೆ ಗುಬ್ಬಿಗೆ ತಲೆಯಾಡಿಸಿ, ಅಕ್ಕನ ಕಡೆ ತಿರುಗಿ, "ಗೇಟಿನ ಬೀಗದ ಕೈ ಎಲ್ಲಿಟ್ಟೆ?" ಅಂದರು. "ಕಿಟಕಿ ಹತ್ರ" ಅಂದಳು ಅಕ್ಕ.

ಬಾಯಿಂದ ಬಂದ ಮಾತು! ಗುಬ್ಬಿಗೆ ಮುಳುಗುತ್ತಿದ್ದವಳ ಕೈಗೆ ಹಗ್ಗ ಸಿಕ್ಕಿದ ಹಾಗಾಯಿತು. ಹೊರಡುವಾಗ ಬಾಗಿಲ ಬಳಿ, ಮೆತ್ತಗೆ, ಆದರೂ ತಡೆಯಲಾರದೆ ಕೇಳಿಯೇಬಿಟ್ಟಳು. "ಅಕ್ಕಾ, ಭಾವ ಮಾತಾಡ್ತಿದಾರಲ್ಲ!"

ಅಕ್ಕ ಅವಳನ್ನು ನೋಡಿದಳು. ಅಷ್ಟು ಹೊತ್ತೂ ಇಲ್ಲದ ಸಿಟ್ಟು ಆಗ ಬಂತು.

"ಮಾತಾಡ್ತಿದಾರೆ. ವರ್ಷದ ಮೇಲೆ ಮೊದಲ ಮಾತು ಏನು ಗೊತ್ತಾ? 'ಅವಳಿಗೆ ನೀನು ಹೇಳಿದ್ಯಾ?' ಅವರ ಆಫೀಸಲ್ಲಿ ಮೇಜಿನ ಮೇಲೆ ಚೀಟಿ ಅಂಟಿಸಿ ನಗ್ತಿದಾರೆ. ನಂದೇನು ಬಿಡು, ಕೂತಲ್ಲಿ ಕಾಜಾ ಹಾಕೋಳು, ತಲೆ ತಗ್ಗಿಸಿಯೇ ಅಭ್ಯಾಸ. ಒಂದು ಮಾತು ಕೇಳ್ಕೋ ಗುಬ್ಬಿ. ನಿನ್ನ ಹಾಡಿಂದ ನಮ್ಮನೆ ಸರಿಹೋಯ್ತು ಅಂತ ಮಾತ್ರ ಎಲ್ಲೂ ಹೇಳ್ಕೊಂಡು ಬರಬೇಡ."

ಬಾಗಿಲು ಮುಚ್ಚಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಗುಬ್ಬಿಗೆ. ಯಾಕೆಂದರೆ ಮೆಟ್ಟಿಲಿಳಿಯುವ ಮೊದಲೇ, ಯಾವುದಾದರೂ ಸಂದರ್ಶನದಲ್ಲಿ ಹಾಗೇ ಹೇಳಬಹುದಲ್ಲ ಅಂತ ಅವಳ ತಲೆಯಲ್ಲಿ ಒಂದು ಸಾಲು ಸಿದ್ಧವಾಗಿತ್ತು.

ಆ ದಿನದಿಂದ ಅಕ್ಕ ಅವಳ ಹತ್ತಿರ ಮಾತು ಬಿಟ್ಟಳು. ಒಂದಲ್ಲ ಎರಡಲ್ಲ, ನಾಲ್ಕು ವರ್ಷ.

ಬ್ಯಾಂಡಿನಲ್ಲಿ ಗುಬ್ಬಿ, "ಆ ಹಾಡು ಇನ್ನು ಬೇಡ" ಅಂದಳು. ಸೋಡಾಬುಡ್ಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಜನ ಬರೋದೇ ಅದಕ್ಕಲ್ವಾ?" ಅಂದ. ಮೇಷ್ಟ್ರು, "ಕಾರಣ ಹೇಳು, ಬಿಟ್ಬಿಡೋಣ" ಅಂದರು. ಕಾರಣ ನಾಲಿಗೆಯ ತುದಿಯ ತನಕ ಬಂತು. ಅದನ್ನು ಹೇಳಿದರೆ, ಅಳುವ ಅಕ್ಕನ ಮಾತು ಕದ್ದು ಬರೆದವಳು ಅಂತ ಇವರಿಬ್ಬರಿಗೂ ಗೊತ್ತಾಗುತ್ತದೆ. ರೇಡಿಯೋ ಮೆಟ್ಟಿಲ ಮೇಲೆ ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ. ಅದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

"ನಂಗೆ ಇಂಥ ನಗೆಹಾಡು ಹಾಡೋಕೆ ಇಷ್ಟ ಇಲ್ಲ. ನಾನು ಇನ್ನೂ ಗಂಭೀರವಾಗಿ ಬರೀಬೇಕು" ಅಂದಳು.

"ಓಹೋ, ನಾವು ಜೋಕರುಗಳು" ಅಂದ ಸೋಡಾಬುಡ್ಡಿ. ಗಿಟಾರನ್ನು ಚೀಲಕ್ಕೆ ತುಂಬಿ ಜಿಪ್ಪು ಎಳೆದ. ಮೇಷ್ಟ್ರು ಡ್ರಮ್ಮುಗಳನ್ನು ಒಂದೊಂದಾಗಿ ಕೆಳಗಿಳಿಸಲು ನಾಲ್ಕು ಸಲ ಮೆಟ್ಟಿಲು ಹತ್ತಿಳಿದರು. ಗುಬ್ಬಿ ಒಂದನ್ನೂ ಹಿಡಿದುಕೊಡಲಿಲ್ಲ. ಕೈ ಕಟ್ಟಿ ಕಿಟಕಿಯ ಬಳಿ ನಿಂತೇ ಇದ್ದಳು. ಅದು 'ಮೂರನೇ ಮಹಡಿ' ಬ್ಯಾಂಡಿನ ಕೊನೆ.

ಒಬ್ಬಳೇ ಹಾಡುವ ಬದುಕು ಶುರುವಾಯಿತು. ಗಂಭೀರ ಹಾಡುಗಳನ್ನೇ ಬರೆದಳು: ಮೋಡ, ನದಿ, ನೆರಳು. ಯಾರ ಮಾತನ್ನೂ ಮುಟ್ಟಲಿಲ್ಲ. ಹಾಡುಗಳು ನೀಟಾಗಿದ್ದವು, ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ; ಒಳಗೆ ಮೈಯೇ ಇರಲಿಲ್ಲ. ಎಲ್ಲಿ ಹೋದರೂ ಮೂರನೇ ಹಾಡು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ "ಹಾಲು ಮುಗಿದಿದೆ!" ಅಂತ ಕೂಗುತ್ತಿದ್ದರು. ಮೊದಮೊದಲು ಆಗುವುದಿಲ್ಲ ಅಂತಿದ್ದಳು. ಜನ ಎದ್ದು ಹೋಗುತ್ತಿದ್ದರು. ಕರೆಯುವವರು ಕಮ್ಮಿಯಾದರು.

ಎರಡನೇ ವರ್ಷ ಒಂದು ಕಂಪನಿಯ ವಾರ್ಷಿಕ ಸಮಾರಂಭ. ಮಧ್ಯಾಹ್ನದ ಊಟದ ಮೇಲೆ ತೂಕಡಿಸುತ್ತಿದ್ದ ಇನ್ನೂರು ಜನ. ಅವಳ ನದಿಯ ಹಾಡಿಗೆ ಚಮಚಗಳ ಸದ್ದೇ ಪಕ್ಕವಾದ್ಯ. ಯಾರೋ ಕೂಗಿದರು. ಇನ್ನೊಬ್ಬರು ಮೇಜು ಕುಟ್ಟಿದರು. ಗುಬ್ಬಿಯ ಬೆರಳು ತಾನಾಗಿ ಆ ಹಾಡಿನ ತಂತಿಗೆ ಹೋಯಿತು. ಹಾಡಿದಳು. ಮೂಗಿನ ದನಿ, ಸಾಹೇಬರ ಗತ್ತು, ಕೊನೆಗೆ ತಾನೇ ಸೀನಿದಳು ಕೂಡ. ಇನ್ನೂರು ಜನ ಎದ್ದು ನಿಂತು "ಗಮನಿಸಲಾಗಿದೆ" ಅಂತ ಕಿರುಚಿದರು. ಅಷ್ಟು ಚೆನ್ನಾಗಿ ಅವಳು ಅದನ್ನು ಎಂದೂ ಹಾಡಿರಲಿಲ್ಲ. ಹಾಡುತ್ತಿದ್ದಷ್ಟು ಹೊತ್ತೂ ಸುಖವಾಗಿತ್ತು. ಅವಳ ನಾಚಿಕೆಗೆ ಕಾರಣವೇ ಅದು. ವೇದಿಕೆಯಿಂದ ಇಳಿದು, ಕೈ ತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಕನ್ನಡಿಗೆ ಬೆನ್ನು ಹಾಕಿ ನಿಂತಳು. ಆಮೇಲೆ ಒಂದು ವರ್ಷ ಎಲ್ಲೂ ಹಾಡಲು ಹೋಗಲಿಲ್ಲ. ದುರಸ್ತಿ ಕೇಂದ್ರದ ಕೆಲಸ ಹೇಗೂ ಇತ್ತು.

ನಾಲ್ಕನೇ ವರ್ಷ ಒಂದು ಬೆಳಗ್ಗೆ ಭಾವನ ಫೋನು. ಅವರು ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು.

"ನಿಮ್ಮಕ್ಕಂಗೆ ಪಿತ್ತಕೋಶದಲ್ಲಿ ಕಲ್ಲು. ನಾಳೆ ಆಪರೇಷನ್ನು. ಹೆಂಗಸರ ವಾರ್ಡಲ್ಲಿ ಗಂಡಸರನ್ನ ಕೂರೋಕೆ ಬಿಡಲ್ಲ. ಬರೋಕಾಗುತ್ತಾ?"

"ಬರ್ತೀನಿ ಭಾವ. ಅಕ್ಕನೇ ಕರೆಯೋಕೆ ಹೇಳಿದ್ಲಾ?"

"ಬೇಡ ಅನ್ನಲಿಲ್ಲ" ಅಂದರು.

ಆಪರೇಷನ್ನು ಸಲೀಸಾಗಿ ಆಯಿತು. ಮಾರನೆಯ ದಿನ ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಮೂಲೆಯ ಫ್ಯಾನೊಂದು ಕಟಕಟ ಅನ್ನುತ್ತಿತ್ತು. ಗುಬ್ಬಿ ಅಕ್ಕನ ಕಾಲು ಒತ್ತುತ್ತ ಕೂತಿದ್ದಳು. ಎರಡು ದಿನದಲ್ಲಿ ಅವರ ನಡುವೆ ನಡೆದ ಮಾತೆಲ್ಲ ನೀರು, ದಿಂಬು, ನರ್ಸಮ್ಮ, ಅಷ್ಟೇ. ಅಕ್ಕನಿಗೆ ಮಂಪರು ಇಳಿಯುತ್ತಿತ್ತು. ಚಾವಣಿ ನೋಡುತ್ತ ತಾನಾಗಿ ಮಾತು ತೆಗೆದಳು.

"ಅವರು ಯಾಕೆ ಮಾತು ಬಿಟ್ಟಿದ್ರು ಅಂತ ಆಮೇಲೆ ಗೊತ್ತಾಯ್ತು. ಆಫೀಸಲ್ಲಿ ಒಂದು ಫೈಲು ಕಳೆದಿತ್ತಂತೆ. ಇವರ ಮೇಲೆ ಹಾಕಿದ್ರು. ಕೆಲಸ ಕಿತ್ಕೊಳ್ಳಲಿಲ್ಲ, ವರಾಂಡದಲ್ಲಿ ಒಂದು ಮೇಜು ಹಾಕಿ ಕೂರಿಸಿದ್ರು. ಖಾಲಿ ಮೇಜು ಕಣೇ. ಅದರ ಮೇಲೆ ಒಂದು ಗುಂಡುಸೂಜಿ ಡಬ್ಬಿ. ಹೋಗಿಬರೋರೆಲ್ಲ ನೋಡ್ತಾರಲ್ಲ ಅಂತ, ಏನೋ ಕೆಲಸ ಇರೋನ ಥರ ದಿನವಿಡೀ ಆ ಸೂಜಿಗಳನ್ನ ಹೊರಗೆ ತೆಗೆದು, ಮತ್ತೆ ಒಳಗೆ..."

"ಹ್ಞೂಂ" ಅಂದಳು ಗುಬ್ಬಿ.

ಅಕ್ಕ ಮಾತು ನಿಲ್ಲಿಸಿದಳು. ಕತ್ತು ಹೊರಳಿಸಿ ತಂಗಿಯನ್ನು ನೋಡಿದಳು. "ಬರೀತಿದೀಯಾ?"

"ಇಲ್ಲಕ್ಕಾ! ಕೈಲಿ ಏನೂ ಇಲ್ಲ ನೋಡು."

"ಕೈಲಿ ಇಲ್ಲ, ಗೊತ್ತು."

ಗುಬ್ಬಿಯ ಕಿವಿ ಬಿಸಿಯಾಯಿತು. ಖಾಲಿ ಮೇಜು, ಗುಂಡುಸೂಜಿ, ಖಾಲಿ ಮೇಜು, ಗುಂಡುಸೂಜಿ ಅಂತ ಅವಳ ತಲೆಯೊಳಗೆ ತಾಳ ಆಗಲೇ ಹಿಡಿದಿತ್ತು. ಆ ಮನುಷ್ಯನ ಅವಮಾನಕ್ಕೆ ಮರುಗುವ ಮೊದಲೇ. ಅವಳಿಗೆ ಅಳು ಉಕ್ಕಿ ಬಂತು. ಅಷ್ಟು ವರ್ಷ ನುಂಗಿಕೊಂಡಿದ್ದು ಬಾಯಿಗೆ ಬಂತು.

"ಅಕ್ಕಾ, ಆವತ್ತು ನೀನು ಫೋನಲ್ಲಿ ಅಳ್ತಿದ್ದಾಗ ನಾನು ಬರ್ಕೊಳ್ತಿದ್ದೆ. ನೀನು ಅಳ್ತಾ ಇದ್ದೆ, ನಾನು ಬರೀತಾ ಇದ್ದೆ."

"ಗೊತ್ತಿತ್ತು ಕಣೇ."

"ಗೊತ್ತಿತ್ತಾ?"

"ಬರೆಯೋವಾಗ ನೀನು ಹ್ಞೂಂ ಅನ್ನೋದೇ ಬೇರೆ. ಚಿಕ್ಕೋಳಾಗಿದ್ದಾಗಿಂದ ಕೇಳ್ತಿದೀನಿ, ಗೊತ್ತಾಗಲ್ವಾ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬರ್ಕೊಳ್ಳಲಿ ಬಿಡು ಅಂದ್ಕೊಂಡೆ. ಅದು ಅವಳ ಅಭ್ಯಾಸ, ನಮ್ಮ ಹುಡುಗಿ ತಾನೇ, ಹೊರಗೆ ಹೇಳಲ್ಲ ಅಂದ್ಕೊಂಡೆ."

ಗುಬ್ಬಿ ಅಕ್ಕನ ಪಾದದ ಮೇಲೆ ಹಣೆ ಇಟ್ಟಳು. ಅಕ್ಕ ಕಾಲು ಎಳೆದುಕೊಳ್ಳಲಿಲ್ಲ. "ಹೊಲಿಗೆ ಎಳೀತಿದೆ, ಆ ದಿಂಬು ಸ್ವಲ್ಪ ಮೇಲಕ್ಕೆ ಮಾಡು" ಅಂದಳು. ಭಾವನ ಮಿಕ್ಕ ಕತೆಯನ್ನು ಮುಂದುವರಿಸಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ.

ಆ ವಾರವೇ ಗುಬ್ಬಿ ಮೇಷ್ಟ್ರ ಶಾಲೆಗೆ ಹೋದಳು. ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ಬೇಲಿಯ ಪಕ್ಕ ನಿಂತು ಎಲ್ಲವನ್ನೂ ಮೊದಲಿಂದ ಹೇಳಿದಳು. ಮೇಷ್ಟ್ರು ನೆಲ ನೋಡುತ್ತ ಕೇಳಿ, "ಅಷ್ಟೇನಾ? ಹೇಳಿದ್ರೆ ಆವತ್ತೇ ನಿಲ್ಲಿಸ್ತಿದ್ವಲ್ಲ ಮಾರಾಯ್ತಿ. ಇಷ್ಟು ವರ್ಷ ನಮ್ಮ ತಾಳ ಸರಿಯಿಲ್ಲ ಅಂತ ಬಿಟ್ಟೆ ಅಂದ್ಕೊಂಡಿದ್ದೆ" ಅಂದರು. ಸೋಡಾಬುಡ್ಡಿ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಕನ್ನಡಕದ ಅಂಗಡಿಯ ಕಟ್ಟೆಯ ಆಚೆ ನಿಂತೇ, "ಗೊತ್ತಾಯ್ತು, ಹೊರಡು" ಅಂದ. ಅವನು ಈಗ ಬೇರೆ ಬ್ಯಾಂಡಿನಲ್ಲಿ ನುಡಿಸುತ್ತಾನೆ.

ಗುಬ್ಬಿ ಮತ್ತೆ ಹಾಡುತ್ತಾಳೆ. ತಿಂಗಳಿಗೊಮ್ಮೆ, ಸಣ್ಣ ಕೋಣೆಗಳಲ್ಲಿ, ಮೂವತ್ತು ನಲವತ್ತು ಜನರಿಗೆ. ಬಿಡುವಿದ್ದಾಗ ಮೇಷ್ಟ್ರು ಒಂದು ಪುಟ್ಟ ಡ್ರಮ್ಮು ಹಿಡಿದು ಜೊತೆಗೆ ಕೂರುತ್ತಾರೆ. ಆ ಹಾಡು ಹಾಡಿ ಅಂತ ಯಾರಾದರೂ ಕೇಳಿದರೆ ಸುಳ್ಳು ನೆಪ ಹೇಳುವುದಿಲ್ಲ. "ಅದು ನನ್ನದಲ್ಲ, ಕೇಳದೆ ತಗೊಂಡಿದ್ದು" ಅನ್ನುತ್ತಾಳೆ. ಕೆಲವರು ಬೇರೆ ಯಾರದೋ ರಾಗ ಕದ್ದಿದ್ದಾಳೆ ಅಂದುಕೊಂಡು ಮೂಗು ಮುರಿಯುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ. ಗುಂಡುಸೂಜಿಯ ಹಾಡನ್ನು ಬರೆದಿಲ್ಲ. ಬರೆಯದಿದ್ದರೂ ಅದು ತಲೆಯೊಳಗೆ ಪೂರ್ತಿ ಇದೆ, ಮೂರೂ ಚರಣ. ಅದನ್ನು ಅಳಿಸುವ ದಾರಿ ಅವಳಿಗೆ ಗೊತ್ತಿಲ್ಲ.

ಅಕ್ಕ ಈಗ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಬಿಸಿಲು ಜೋರು, ನೀರು ಸಣ್ಣಗೆ ಬರ್ತಿದೆ, ಊಟ ಆಯ್ತಾ, ಗಂಟಲು ನೋಡ್ಕೋ. ಹತ್ತು ನಿಮಿಷ ಮಾತು. ಹೊಸ ಹಾಡು ಹಾಡಿ ಕೇಳಿಸು ಅಂತ ಅವಳೂ ಅನ್ನುವುದಿಲ್ಲ, ಕೇಳು ಅಂತ ಇವಳೂ ಅನ್ನುವುದಿಲ್ಲ.

ಹೋದ ತಿಂಗಳು ಗುಬ್ಬಿ ಅವರ ಮನೆಗೆ ಹೋದಾಗ ಭಾವ ಹಗಲು ಹೊತ್ತಿನಲ್ಲೇ ಮನೆಯಲ್ಲಿದ್ದರು. ಕೊರಳಲ್ಲಿ ಗ್ರಂಥಾಲಯವೊಂದರ ಗುರುತಿನ ಕಾರ್ಡು. ಹಳೆಯ ಕಚೇರಿ ಬಿಟ್ಟು ಅಲ್ಲಿ ಪುಸ್ತಕ ಕೊಡುವ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತಂತೆ. ಮುಖದಲ್ಲಿ ಕಳೆ ಬಂದಿತ್ತು. ಅವರು ಹೊರಟ ಮೇಲೆ ಗುಬ್ಬಿ, "ಒಂದು ಮಾತು ಹೇಳಲೇ ಇಲ್ಲವಲ್ಲ ಅಕ್ಕಾ" ಅಂದಳು.

"ಮರೆತೇಹೋಯ್ತು ಕಣೇ" ಅಂದಳು ಅಕ್ಕ, ಒಗೆದ ಬಟ್ಟೆ ಮಡಿಸುತ್ತ.

ಆ ಮೂರು ತಿಂಗಳಲ್ಲಿ ಹನ್ನೆರಡು ಭಾನುವಾರ ಮಾತಾಡಿದ್ದಾರೆ. ಮರೆತಿರಲಿಕ್ಕೆ ಸಾಧ್ಯವಿಲ್ಲ ಅಂತ ಗುಬ್ಬಿಗೆ ಗೊತ್ತು. ಮತ್ತೆ ಕೇಳಲಿಲ್ಲ. ರಾಶಿಯಿಂದ ಒಂದು ಚಾದರ ಎಳೆದುಕೊಂಡು ಇನ್ನೊಂದು ತುದಿಯನ್ನು ಅಕ್ಕನ ಕಡೆಗೆ ಚಾಚಿದಳು. ಇಬ್ಬರೂ ಸೇರಿ ಅದನ್ನು ಮಡಿಸಿದರು.